ಅಪ್ಪನ ಹೆಸರು ಮರೆತ ಫೋನು



ನಮ್ಮ ವಿಜ್ಞಾನ ಕಾರ್ಯಕ್ರಮಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಗ್ರಹಣ, ಧೂಮಕೇತು, ಹಾವಿನ ವಿಷ ಇಂಥ ವಿಷಯಗಳನ್ನು ಕುರಿತವು. ಎಚ್.ಡಿ. ಕೋಟೆ ತಾಲ್ಲೂಕಿನ ಹಂಪಾಪುರದಿಂದ ಪದವಿಪೂರ್ವ ತರಗತಿಯ ವಿದ್ಯಾರ್ಥಿನಿಯೊಬ್ಬರು ಬರೆದ ಪತ್ರ ಮಾತ್ರ ಬೇರೆ ತೆರನಾಗಿತ್ತು. ಅವರ ಫೋನು ರಾತ್ರಿ ಯಾವುದೋ ಹೊಸ ತಂತ್ರಾಂಶವನ್ನು ಹಾಕಿಕೊಂಡು ತಾನಾಗಿಯೇ ಆರಿ ಮತ್ತೆ ಹೊತ್ತಿಕೊಂಡಿತಂತೆ. ಬೆಳಗ್ಗೆ ಐದೂವರೆಗೆ ಅಲಾರಂ ಸರಿಯಾಗಿಯೇ ಹೊಡೆಯಿತು. ಅಷ್ಟರಲ್ಲಿ ಮೈಸೂರಿನಲ್ಲಿ ಕೆಲಸಕ್ಕಿರುವ ತಂದೆಯಿಂದ ಕರೆ ಬಂತು. ಯಾವಾಗಲೂ ‘ಅಪ್ಪ’ ಎಂದು ಬರುತ್ತಿದ್ದ ಜಾಗದಲ್ಲಿ ಬರೀ ಹತ್ತು ಅಂಕಿಗಳು! ಯಾರೋ ಗೊತ್ತಿಲ್ಲದವರೆಂದು ಅವರು ಕರೆಯನ್ನು ಎತ್ತಲೇ ಇಲ್ಲ. ಆಮೇಲೆ ಪಿನ್ ಒತ್ತಿ ಫೋನು ತೆರೆದರೆ ಅದೇ ಕರೆಯ ಮುಂದೆ ‘ಅಪ್ಪ’ ಎಂದಿದೆ. “ಅಷ್ಟು ಹೊತ್ತು ನನ್ನ ಫೋನಿಗೆ ಅಪ್ಪನ ಹೆಸರು ಮರೆತುಹೋಗಿತ್ತೇ ಸಾರ್?” ಎಂಬುದು ಅವರ ಪ್ರಶ್ನೆ.

ಮರೆತಿರಲಿಲ್ಲ. ಹೆಸರು ಫೋನಿನ ಹೊಟ್ಟೆಯಲ್ಲೇ ಇತ್ತು. ಅದನ್ನು ಓದಲು ಬೇಕಾದ ಬೀಗದ ಕೈ ಆ ಹೊತ್ತಿನಲ್ಲಿ ಫೋನಿನ ಬಳಿ ಇರಲಿಲ್ಲ, ಅಷ್ಟೆ. ಉತ್ತರ ಇಷ್ಟು ಚಿಕ್ಕದು. ಆದರೆ ಅದನ್ನು ಬಿಡಿಸಿ ಹೇಳಲು ಇಂದಿನ ಮಾತೆಲ್ಲವೂ ಬೇಕು. ಪರದೆಯ ಮೇಲೆ ನಮಗೆ ಸಿಕ್ಕಿದ್ದು ಹದಿನೈದು ನಿಮಿಷ. ಅಲ್ಲಿ ಬಿಟ್ಟುಹೋದದ್ದನ್ನೂ ಇಲ್ಲಿ ಸೇರಿಸಿದ್ದೇನೆ.

ಬೀಗದ ವಿಷಯ ಬಂದಾಗ ನಾವೆಲ್ಲ ಬೀಗವನ್ನೇ ಹೊಗಳುತ್ತೇವೆ. ಎಷ್ಟು ತೂಕ, ಎಷ್ಟು ಲಿವರು, ಆಲಿಗಢದ್ದೋ ಅಲ್ಲವೋ ಎಂದು ವಿಚಾರಿಸುತ್ತೇವೆ. ಅನುಭವಸ್ಥ ಕಳ್ಳ ಬೀಗದ ಕಡೆ ನೋಡುವುದೇ ಇಲ್ಲ. ಅವನು ಬಾಗಿಲ ಮೇಲಿನ ಗೂಡಿನಲ್ಲಿ ಕೈಯಾಡಿಸುತ್ತಾನೆ, ಹೂಕುಂಡವನ್ನು ಎತ್ತಿ ನೋಡುತ್ತಾನೆ. ಕರ್ನಾಟಕದ ವಿದ್ಯಾರ್ಥಿಗಳಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. 2016ರ ಮಾರ್ಚ್ 21ರ ದ್ವಿತೀಯ ಪಿಯುಸಿ ರಸಾಯನಶಾಸ್ತ್ರದ ಪ್ರಶ್ನೆಪತ್ರಿಕೆ ಮೊದಲೇ ಬಯಲಾಗಿತ್ತೆಂದು ಆ ಪರೀಕ್ಷೆ ರದ್ದಾಯಿತು. ಮಾರ್ಚ್ 31ಕ್ಕೆ ಗೊತ್ತುಮಾಡಿದ್ದ ಮರುಪರೀಕ್ಷೆಯ ಪತ್ರಿಕೆಯೂ ಬಯಲಾಯಿತು. ಕೊನೆಗೆ ಏಪ್ರಿಲ್ 12ರಂದು ಮಕ್ಕಳು ಪರೀಕ್ಷೆ ಬರೆದರು. ಆ ಪತ್ರಿಕೆಗಳಿಗೆ ಮೊಹರು, ಖಜಾನೆ, ಕಾವಲು ಎಲ್ಲವೂ ಇದ್ದವು. ಗುಟ್ಟನ್ನು ಕಾಪಾಡಲು ಬೀಗ ಹಾಕಿದರೆ ಸಾಲದು. ಅದನ್ನು ತೆರೆಯುವ ಸಾಧನ ಯಾರ ಕೈಯಲ್ಲಿ, ಯಾವಾಗ, ಎಷ್ಟು ಹೊತ್ತು ಇರುತ್ತದೆ ಎಂಬ ಲೆಕ್ಕವನ್ನೂ ಇಡಬೇಕು. ಫೋನಿನಲ್ಲಿ ಆ ಲೆಕ್ಕವನ್ನು ಇಡುವವನ ಹೆಸರು ಕರ್ನೆಲ್.

ಕರ್ನೆಲ್ ಎಂಬ ಇಂಗ್ಲಿಷ್ ಮಾತಿಗೆ ಬೀಜದ ತಿರುಳು ಎಂದರ್ಥ. ಕಡಲೆಕಾಯಿಯ ಸಿಪ್ಪೆ ಶೆಲ್, ಒಳಗಿನ ಬೀಜ ಕರ್ನೆಲ್. ಕಂಪ್ಯೂಟರಿನವರು ಈ ಎರಡೂ ಹೆಸರುಗಳನ್ನು ಎತ್ತಿಕೊಂಡಿದ್ದಾರೆ. ಆಪರೇಟಿಂಗ್ ಸಿಸ್ಟಂ ಎಂಬ ದೊಡ್ಡ ತಂತ್ರಾಂಶದ ಒಳತಿರುಳು ಇದು. ನೆನಪಿನ ಕೋಶವನ್ನು ಯಾರಿಗೆ ಎಷ್ಟು ಕೊಡಬೇಕು, ಯಾವ ಕೆಲಸ ಮೊದಲು ನಡೆಯಬೇಕು, ಸಂಗ್ರಹದಿಂದ ಯಾವ ಕಡತವನ್ನು ಯಾರಿಗೆ ತೆಗೆದುಕೊಡಬೇಕು ಎಂದು ತೀರ್ಮಾನಿಸುವುದು ಇದೇ. ನಿಮ್ಮ ಆಂಡ್ರಾಯ್ಡ್ ಫೋನಿನೊಳಗಿರುವುದು ಲಿನಕ್ಸ್ ಕರ್ನೆಲ್. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿ, ಆಮೇಲೆ ಜಗತ್ತಿನ ಸಾವಿರಾರು ಜನ ಕೈ ಹಾಕಿ ಬೆಳೆಸಿದ್ದು. ಅದರ ಬರಹವೆಲ್ಲ ಬಹಿರಂಗ. ಯಾರು ಬೇಕಾದರೂ ಓದಬಹುದು, ನೀವೂ ಓದಬಹುದು.

ಸಂಗ್ರಹದಲ್ಲಿ ಕಡತಗಳನ್ನು ಜೋಡಿಸಿಡುವ ಏರ್ಪಾಡಿಗೆ ಫೈಲ್ ಸಿಸ್ಟಂ, ಕಡತ ವ್ಯವಸ್ಥೆ, ಎಂದು ಹೆಸರು. ನಾಡಕಚೇರಿಯ ದಾಖಲೆ ಕೋಣೆಯನ್ನು ನೆನಪಿಸಿಕೊಳ್ಳಿ. ಯಾವ ಕಟ್ಟು ಯಾವ ಬೀರುವಿನಲ್ಲಿದೆ, ಯಾರಿಗೆ ಸೇರಿದ್ದು, ಎಷ್ಟು ಪುಟ, ಯಾವತ್ತು ತಿದ್ದಿದ್ದು ಎಂಬ ವಿವರವಿಲ್ಲದೆ ಅಲ್ಲಿ ಒಂದು ಪಹಣಿಯೂ ಸಿಗುವುದಿಲ್ಲ. ಇಲ್ಲಿಯೂ ಹಾಗೆಯೇ. ಇನ್ನು ಎನ್‌ಕ್ರಿಪ್ಷನ್ ಎಂದರೆ ಆ ಕಾಗದಗಳ ಮೇಲಿನ ಬರಹವನ್ನೇ ಅರ್ಥವಾಗದ ಗೂಢಲಿಪಿಗೆ ತಿರುಗಿಸಿ ಇಡುವುದು. ತಿರುಗಿಸುವ ವಿಧಾನ ಗುಟ್ಟಲ್ಲ. ಹೆಚ್ಚಾಗಿ ಬಳಸುವ ಎ.ಇ.ಎಸ್. ಎಂಬ ವಿಧಾನವನ್ನು ಬೆಲ್ಜಿಯಂನ ಯೋಆನ್ ಡಾಮನ್ ಮತ್ತು ವಿನ್ಸೆಂಟ್ ರೈಮನ್ ರೂಪಿಸಿದರು. 2001ರಲ್ಲಿ ಅಮೆರಿಕ ಅದನ್ನು ತನ್ನ ಪ್ರಮಾಣಕವಾಗಿ ಅಂಗೀಕರಿಸಿತು. ಪುಸ್ತಕದಲ್ಲಿ ಅಚ್ಚಾಗಿರುವ ವಿಧಾನ ಅದು. ಗುಟ್ಟಾಗಿರುವುದು ಒಂದು ಸಂಖ್ಯೆ ಮಾತ್ರ. ಅದೇ ಕೀಲಿ. 256 ಬಿಟ್ ಉದ್ದದ ಕೀಲಿಗಳು ಎಷ್ಟು ಬಗೆಯವು ಇರಬಹುದೆಂದು ಲೆಕ್ಕ ಹಾಕಿದರೆ 78 ಅಂಕಿಗಳ ಸಂಖ್ಯೆ ಬರುತ್ತದೆ. ಒಂದೊಂದಾಗಿ ಹಾಕಿ ನೋಡಿ ಮುಗಿಸುವ ಮಾತೇ ಇಲ್ಲ. ಆದ್ದರಿಂದ ಗೂಢಲಿಪಿಯನ್ನು ಮುರಿಯಬೇಕೆನ್ನುವವರು ಕೀಲಿ ಎಲ್ಲಿದೆ ಎಂದು ಹುಡುಕುತ್ತಾರೆ. ಹೂಕುಂಡದ ಕೆಳಗೆ ಹುಡುಕಿದಂತೆ.

ಹಿಂದೆ ಆಂಡ್ರಾಯ್ಡ್ ಫೋನುಗಳಲ್ಲಿ ಇಡೀ ಸಂಗ್ರಹಕ್ಕೆ ಒಂದೇ ಕೀಲಿ ಇರುತ್ತಿತ್ತು. ಮನೆಗೆಲ್ಲ ಒಂದೇ ಬೀಗ, ಅದೂ ತಲೆಬಾಗಿಲಿಗೆ. ಶುರುವಿನಲ್ಲೇ ಗುಪ್ತಸಂಖ್ಯೆ ಕೇಳುವಂತೆ ಇಟ್ಟುಕೊಂಡವರ ಫೋನು ರಾತ್ರಿ ತಾನಾಗಿ ಆರಿ ಹೊತ್ತಿಕೊಂಡರೆ, ಬೆಳಗ್ಗೆ ಅಲಾರಂ ಇಲ್ಲ, ಕರೆಯೂ ಇಲ್ಲ. ಗಡಿಯಾರದ ತಂತ್ರಾಂಶ ತನ್ನ ಸಮಯವನ್ನು ಓದಿಕೊಳ್ಳಬೇಕಾದ ಕಡತವೇ ಬೀಗದೊಳಗೆ ಸಿಕ್ಕಿರುತ್ತಿತ್ತು. ಪರೀಕ್ಷೆಯ ದಿನ ಹೀಗಾದರೆ ಗತಿಯೇನು?

ಈ ತೊಡಕಿಗೆ ಪರಿಹಾರ ಕರ್ನೆಲ್ಲಿನ ಒಳಗಿಂದ ಬಂತು. ಇ.ಎಕ್ಸ್.ಟಿ.-4 ಎಂಬ ಕಡತ ವ್ಯವಸ್ಥೆಗೆ ಗೂಗಲ್‌ನ ಮೈಕೆಲ್ ಹಾಲ್‌ಕ್ರೋ ಮತ್ತು ಥಿಯೋಡೋರ್ ಟ್ಸೊ ಅವರು ಗೂಢಲಿಪಿಯನ್ನು ಅಳವಡಿಸಿದರು. ಅದು 2015ರ ಲಿನಕ್ಸ್ 4.1ರಲ್ಲಿ ಸೇರಿತು. ಈ ಏರ್ಪಾಡಿಗೆ ಈಗ ಎಫ್‌ಎಸ್‌ಕ್ರಿಪ್ಟ್ ಎಂದು ಹೆಸರು. ಇದರಲ್ಲಿ ಬೀಗ ಬೀಳುವುದು ಒಂದೊಂದು ಕಡತಕೋಶಕ್ಕೆ ಬೇರೆ ಬೇರೆಯಾಗಿ. 2016ರ ಆಂಡ್ರಾಯ್ಡ್ 7 ಇದನ್ನು ಬಳಸಿಕೊಂಡು ಫೋನಿನೊಳಗೆ ಎರಡು ಕೋಣೆಗಳನ್ನು ಮಾಡಿತು. ಒಂದು ಜಗಲಿ ಇದ್ದಂತೆ. ಫೋನು ಸರಿಯಾದ ತಂತ್ರಾಂಶದೊಂದಿಗೆ ಹೊತ್ತಿಕೊಂಡರೆ ಸಾಕು, ಯಂತ್ರಾಂಶದೊಳಗಿನ ಗುಟ್ಟಿನ ನೆರವಿನಿಂದ ಅದರ ಬೀಗ ತಾನೇ ತೆರೆಯುತ್ತದೆ. ಅಲಾರಂ ಇರುವುದು ಈ ಜಗಲಿಯಲ್ಲಿ. ಇನ್ನೊಂದು ನಡುಮನೆ. ನಿಮ್ಮ ಹೆಸರಿನ ಪಟ್ಟಿ, ಚಿತ್ರಗಳು, ಸಂದೇಶಗಳು ಎಲ್ಲ ಅಲ್ಲಿ. ಅದರ ಬೀಗ ನೀವು ಪಿನ್ ಒತ್ತುವವರೆಗೆ ತೆರೆಯುವುದಿಲ್ಲ. ಹಂಪಾಪುರದ ಆ ಫೋನು ಕರೆ ಬಂದಾಗ ಜಗಲಿಯಲ್ಲಿ ನಿಂತಿತ್ತು. ಅಪ್ಪನ ಹೆಸರು ನಡುಮನೆಯಲ್ಲಿತ್ತು. ಆಂಡ್ರಾಯ್ಡ್ 10ರಿಂದೀಚೆಗೆ, ಅಂದರೆ 2019ರಿಂದ, ಹೊಸದಾಗಿ ಬರುವ ಫೋನುಗಳೆಲ್ಲ ಹೀಗೆಯೇ ಇರಬೇಕೆಂಬ ನಿಯಮವಿದೆ.

ನೀವೇ ಪರೀಕ್ಷಿಸಿ ನೋಡಬಹುದು. ಫೋನನ್ನು ಆರಿಸಿ ಹೊತ್ತಿಸಿ, ಪಿನ್ ಒತ್ತಬೇಡಿ, ಪರಿಚಯದವರೊಬ್ಬರಿಂದ ಕರೆ ಮಾಡಿಸಿ. ಇನ್ನೊಂದನ್ನೂ ಗಮನಿಸಿ. ಆಗ ಬೆರಳಿಟ್ಟರೆ ಫೋನು ಒಪ್ಪುವುದಿಲ್ಲ, ಪಿನ್ನನ್ನೇ ಕೇಳುತ್ತದೆ. ಬೆರಳಚ್ಚು ನೋಡಿ ‘ಇವರು ಯಜಮಾನರು’ ಎಂದು ಫೋನು ಗುರುತಿಸಬಲ್ಲದು. ಆದರೆ ನಡುಮನೆಯ ಕೀಲಿಯನ್ನು ಹೊರತೆಗೆಯಲು ಬೇಕಾದ ಗುಟ್ಟು ನಿಮ್ಮ ತಲೆಯಲ್ಲಿದೆ, ಬೆರಳಿನಲ್ಲಿಲ್ಲ.

ನೀವು ಕೇಳಬಹುದು: ನಾಲ್ಕು ಅಂಕಿಯ ಪಿನ್ ಎಂದರೆ ಒಟ್ಟು 10,000 ಬಗೆ ಮಾತ್ರ, ಆರು ಅಂಕಿಯಾದರೆ 10 ಲಕ್ಷ. ಕಂಪ್ಯೂಟರಿಗೆ ಇದು ಚಿಟಿಕೆ ಹೊಡೆಯುವಷ್ಟರ ಕೆಲಸ. 78 ಅಂಕಿಗಳ ಕೋಟೆಗೆ ಇಷ್ಟು ಬಡಪಾಯಿ ಬಾಗಿಲೇ? ಇಲ್ಲಿ ಬ್ಯಾಂಕಿನ ಲಾಕರನ್ನು ನೆನೆಯಿರಿ. ಅದಕ್ಕೆ ಎರಡು ಕೈಗಳು. ಒಂದು ನಿಮ್ಮದು, ಒಂದು ಬ್ಯಾಂಕಿನದು; ಎರಡೂ ಕೂಡದೆ ತೆರೆಯದು. ಫೋನಿನಲ್ಲಿ ಬ್ಯಾಂಕಿನವರ ಕೈ ಇರುವುದು ಚಿಪ್ಪಿನ ಒಳಗಿನ ಒಂದು ಭದ್ರ ಮೂಲೆಯಲ್ಲಿ. ಅಲ್ಲಿನ ಗುಟ್ಟು ಹೊರಬರುವುದೇ ಇಲ್ಲ. ನಡುಮನೆಯ ಮುಖ್ಯ ಕೀಲಿ ಸಂಗ್ರಹದಲ್ಲಿ ಇರುವುದು ಈ ಎರಡರಿಂದ ಸುತ್ತಿಟ್ಟ ಪೊಟ್ಟಣವಾಗಿ. ಸಂಗ್ರಹವನ್ನು ಕಿತ್ತು ಬೇರೆ ಯಂತ್ರಕ್ಕೆ ಜೋಡಿಸಿ 10,000 ಸಲ ಪ್ರಯತ್ನಿಸೋಣ ಎಂದರೆ ಬ್ಯಾಂಕಿನವರ ಕೈ ಅಲ್ಲಿಲ್ಲ. ಇದೇ ಫೋನಿನ ಮೇಲೆ ಪ್ರಯತ್ನಿಸೋಣ ಎಂದರೆ ಆ ಭದ್ರ ಮೂಲೆ ಪ್ರತಿ ತಪ್ಪಿಗೂ ಕಾಯಿಸುತ್ತದೆ, ತಪ್ಪು ಹೆಚ್ಚಿದಂತೆ ಕಾಯುವ ಹೊತ್ತೂ ಹೆಚ್ಚುತ್ತದೆ. ಪಿನ್ ಬದಲಾಯಿಸಿದಾಗ ಸಾವಿರಾರು ಚಿತ್ರಗಳನ್ನು ಹೊಸದಾಗಿ ಗೂಢಲಿಪಿಗೆ ತಿರುಗಿಸಬೇಕಲ್ಲ, ಅದು ಕ್ಷಣದಲ್ಲಿ ಹೇಗೆ ಮುಗಿಯುತ್ತದೆ ಎಂದೂ ಕೆಲವರು ಕೇಳುತ್ತಾರೆ. ತಿರುಗಿಸುವುದೇ ಇಲ್ಲ. ಮುಖ್ಯ ಕೀಲಿ ಹಳೆಯದೇ. ಅದನ್ನು ಸುತ್ತಿದ ಪೊಟ್ಟಣ ಮಾತ್ರ ಹೊಸದು.

ಇನ್ನು ಈ ಮುಖ್ಯ ಕೀಲಿ ಕರ್ನೆಲ್ಲಿನ ಕೈಗೆ ಬಂದ ಮೇಲೆ ಏನಾಗುತ್ತದೆ? ಈ ವಿಷಯದಲ್ಲಿ ನನಗೆ ತುಂಬ ಹಿಡಿಸಿದ ಭಾಗ ಇದೇ. ಕರ್ನೆಲ್ ಮುಖ್ಯ ಕೀಲಿಯಿಂದ ನೇರವಾಗಿ ಯಾವ ಕಡತವನ್ನೂ ತೆರೆಯುವುದಿಲ್ಲ. ಪ್ರತಿ ಕಡತ ಹುಟ್ಟಿದಾಗ ಅದರ ತಲೆಯ ಮೇಲೆ 16 ಬೈಟುಗಳ ಒಂದು ಅಡ್ಡಾದಿಡ್ಡಿ ಸಂಖ್ಯೆಯನ್ನು ಬರೆಯುತ್ತದೆ. ಅದು ಗುಟ್ಟಲ್ಲ. ಮುಖ್ಯ ಕೀಲಿಯನ್ನೂ ಈ ಸಂಖ್ಯೆಯನ್ನೂ ಕಲಸಿ ಆ ಕಡತಕ್ಕಷ್ಟೇ ಸಲ್ಲುವ ಒಂದು ಮರಿ ಕೀಲಿಯನ್ನು ಮಾಡಿಕೊಳ್ಳುತ್ತದೆ. ಸಾವಿರ ಕಡತಕ್ಕೆ ಸಾವಿರ ಮರಿ ಕೀಲಿಗಳು. ಅವು ಯಾವುವೂ ಸಂಗ್ರಹದಲ್ಲಿ ಉಳಿಯುವುದಿಲ್ಲ, ಬೇಕೆಂದಾಗ ಮಾಡಿಕೊಂಡು ಕೆಲಸ ಮುಗಿದ ಮೇಲೆ ಅಳಿಸಿಬಿಡುವುದು.

ಕಲಸುವುದು ಹೇಗೆ ಎಂಬಲ್ಲಿ 2015ರ ಮೊದಲ ರೂಪದಲ್ಲಿ ಒಂದು ಕೊರತೆ ಇತ್ತು. ಆಗ ಮುಖ್ಯ ಕೀಲಿಯನ್ನೇ ಒಂದು ಕಾಗದವೆಂಬಂತೆ ಹಿಡಿದು, ಕಡತದ ತಲೆಯ ಮೇಲಿನ ಸಂಖ್ಯೆಯಿಂದ ಅದನ್ನು ಗೂಢಲಿಪಿಗೆ ತಿರುಗಿಸಿ, ಬಂದದ್ದನ್ನು ಮರಿ ಕೀಲಿ ಎನ್ನುತ್ತಿದ್ದರು. ನೋಡಲು ಚೆನ್ನಾಗಿದೆ. ಆದರೆ ಗೂಢಲಿಪಿಗೆ ತಿರುಗಿಸಿದ್ದನ್ನು ಹಿಂದಕ್ಕೂ ತಿರುಗಿಸಬಹುದಲ್ಲ? ತಿರುಗಿಸಲು ಬೇಕಾದ ಸಂಖ್ಯೆ ಎಲ್ಲರಿಗೂ ಕಾಣುವಂತೆ ಕಡತದ ತಲೆಯ ಮೇಲೆಯೇ ಇದೆ. ಎಂದರೆ ಒಂದೇ ಒಂದು ಕಡತದ ಮರಿ ಕೀಲಿ ಹೇಗೋ ಹೊರಬಿತ್ತೆಂದರೆ, ಅದನ್ನು ಹಿಡಿದುಕೊಂಡು ಮುಖ್ಯ ಕೀಲಿಯನ್ನೇ ಕಂಡುಹಿಡಿಯಬಹುದು. ಆಮೇಲೆ ಇಡೀ ನಡುಮನೆ ಬಯಲು. 2019ರ ನವೆಂಬರಿನಲ್ಲಿ ಬಂದ ಲಿನಕ್ಸ್ 5.4ರಲ್ಲಿ ಎರಿಕ್ ಬಿಗ್ಗರ್ಸ್ ಅವರು ಈ ಏರ್ಪಾಡನ್ನು ಬದಲಿಸಿದರು. ಈಗ ಕಲಸುವುದು ಹ್ಯಾಶ್ ಎಂಬ ಒಮ್ಮುಖ ಗಣಿತದಿಂದ. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ, ಹಿಟ್ಟಿನಿಂದ ಮುದ್ದೆ ತೊಳಸಬಹುದು, ಮುದ್ದೆಯಿಂದ ಹಿಟ್ಟು ಬರಿಸಲಾಗದು. ಒಂದು ಮುದ್ದೆ ಕಳವಾದರೂ ಹಿಟ್ಟಿನ ಮಡಕೆಗೆ ಏನೂ ಆಗುವುದಿಲ್ಲ.

ಅದೇ ವರ್ಷ ಇನ್ನೊಂದು ಗೊಂದಲವೂ ಬಗೆಹರಿಯಿತು. ಅದಕ್ಕೆ ಮೊದಲು ಕೀಲಿಯನ್ನು ಇಡುತ್ತಿದ್ದುದು ಕೆಲಸ ಮಾಡುತ್ತಿರುವ ತಂತ್ರಾಂಶದ ಗೊಂಚಲಿನಲ್ಲಿ. ಕೂಡು ಕುಟುಂಬದ ಮನೆಯನ್ನು ಯೋಚಿಸಿ. ಉಗ್ರಾಣದ ಬೀಗದ ಕೈ ದೊಡ್ಡಸೊಸೆಯ ಸೆರಗಿನಲ್ಲಿದೆ. ಅವಳು ತೆರೆದು ಹೋದ ಮೇಲೆ ಬಾಗಿಲು ತೆರೆದೇ ಇರುವುದರಿಂದ ಯಾರು ಬೇಕಾದರೂ ಒಳಗೆ ಹೋಗಬಹುದು. ಆದರೆ ಮುಚ್ಚಿದಾಗ ಚಿಕ್ಕಸೊಸೆ ಬಂದರೆ ಅವಳ ಬಳಿ ಕೈ ಇಲ್ಲ. ಒಳಗೆ ಹೋಗಲು ಹಕ್ಕಿದೆಯೋ ಇಲ್ಲವೋ ಎಂಬುದು ಬಾಗಿಲು ಆ ಕ್ಷಣಕ್ಕೆ ಹೇಗಿತ್ತು ಎಂಬುದರ ಮೇಲೆ ನಿಂತುಬಿಟ್ಟಿತು. ಕರ್ನೆಲ್ಲಿನಲ್ಲೂ ಹೀಗೆಯೇ ಆಗುತ್ತಿತ್ತು. ಒಂದು ತಂತ್ರಾಂಶ ತೆರೆದ ಕಡತ ನೆನಪಿನ ಕೋಶದಲ್ಲಿ ಇರುವವರೆಗೆ ಎಲ್ಲರಿಗೂ ಕಾಣುವುದು, ಅಲ್ಲಿಂದ ಹೋದ ಮೇಲೆ ಕೆಲವರಿಗೆ ಮಾತ್ರ ಕಾಣುವುದು. 2019ರ ಬದಲಾವಣೆಯಲ್ಲಿ ಗೊಂಚಲನ್ನು ಸೊಸೆಯಂದಿರ ಸೆರಗಿನಿಂದ ಬಿಡಿಸಿ ಉಗ್ರಾಣದ ಗೋಡೆಗೇ ತೂಗುಹಾಕಿದರು. ಎಂದರೆ ಕೀಲಿ ಈಗ ಕಡತ ವ್ಯವಸ್ಥೆಗೆ ಸೇರಿದ್ದು. ಇದೆ ಎಂದರೆ ಎಲ್ಲರ ಪಾಲಿಗೂ ಇದೆ, ಇಲ್ಲ ಎಂದರೆ ಯಾರ ಪಾಲಿಗೂ ಇಲ್ಲ. ಇಂಥವರು ಓದಬಹುದು, ಇಂಥವರು ಓದಬಾರದು ಎಂಬ ಅನುಮತಿಯ ಲೆಕ್ಕ ಬೇರೆ, ಅದು ಮೊದಲಿನಿಂದಲೂ ಇರುವಂಥದು. ಎರಡನ್ನೂ ಬೆರೆಸಬಾರದು ಎಂಬ ತಿಳಿವಳಿಕೆಯೇ ಇಲ್ಲಿ ದೊಡ್ಡದು ಎಂದು ನನಗೆ ಅನ್ನಿಸುತ್ತದೆ. ಜೊತೆಗೆ ಕೀಲಿಯ ಗುರುತನ್ನು ಕೀಲಿಯಿಂದಲೇ ಲೆಕ್ಕಹಾಕಿ ತೆಗೆಯುವ ಪದ್ಧತಿಯೂ ಬಂತು. ಹಾಗಾಗಿ ಯಾರೋ ಕಿಡಿಗೇಡಿ ಸುಳ್ಳು ಕೀಲಿಯೊಂದನ್ನು ತಂದು ‘ಇದು ನಿನ್ನ ಕಡತದ್ದೇ’ ಎಂದರೆ ಕರ್ನೆಲ್ ನಂಬುವುದಿಲ್ಲ.

ಕೀಲಿ ಇಲ್ಲದಾಗ ಕಡತಗಳು ಹೇಗೆ ಕಾಣುತ್ತವೆ ಗೊತ್ತೇ? ಕಾಲೇಜಿನ ಪ್ರಯೋಗಾಲಯದಲ್ಲಿ ಲಿನಕ್ಸ್ ಇದ್ದರೆ ಇದನ್ನು ಕಣ್ಣಾರೆ ನೋಡಬಹುದು. ಕಡತಗಳ ಪಟ್ಟಿ ಬರುತ್ತದೆ, ಆದರೆ ಹೆಸರುಗಳ ಜಾಗದಲ್ಲಿ ಅರ್ಥವಿಲ್ಲದ ಅಕ್ಷರಗಳ ಸರಮಾಲೆ. ತೆರೆಯಹೋದರೆ ಕೀಲಿ ಇಲ್ಲವೆಂಬ ಉತ್ತರ. ಅಳಿಸಲು ಮಾತ್ರ ಬಿಡುತ್ತದೆ. ಕಡತದ ಗಾತ್ರ, ತಿದ್ದಿದ ಸಮಯ, ಯಾರಿಗೆ ಸೇರಿದ್ದು ಎಂಬ ವಿವರಗಳನ್ನು ಎಫ್‌ಎಸ್‌ಕ್ರಿಪ್ಟ್ ಮುಚ್ಚುವುದಿಲ್ಲ. ಅಂಚೆ ಲಕೋಟೆಯ ಒಳಗಿನ ಕಾಗದ ಕಾಣದಿದ್ದರೂ ದಪ್ಪವೂ ಮುದ್ರೆಯ ತಾರೀಖೂ ಕಾಣುತ್ತವಲ್ಲ, ಹಾಗೆ. ಆ ಅಂತರವನ್ನು ತುಂಬಲು ಆಂಡ್ರಾಯ್ಡ್ 9ರಿಂದ ಅದರ ಮೇಲೆ ಇನ್ನೊಂದು ಹೊದಿಕೆಯ ಏರ್ಪಾಡು ಬಂದಿದೆ.

ಅಗ್ಗದ ಫೋನುಗಳ ಬಗ್ಗೆ ಒಂದು ಮಾತು. ಎ.ಇ.ಎಸ್. ಲೆಕ್ಕವನ್ನು ಬೇಗ ಮಾಡುವ ಸವಲತ್ತು ಕಡಿಮೆ ಬೆಲೆಯ ಚಿಪ್ಪುಗಳಲ್ಲಿ ಇರುತ್ತಿರಲಿಲ್ಲ. ಗೂಢಲಿಪಿ ಹಾಕಿದರೆ ಫೋನು ತೆವಳುತ್ತಿತ್ತು. ಬಡವರ ಗುಟ್ಟಿಗೆ ಬೀಗ ಬೇಡವೇ? 2019ರಲ್ಲಿ ಗೂಗಲ್‌ನ ಪಾಲ್ ಕ್ರೌಲಿ ಮತ್ತು ಎರಿಕ್ ಬಿಗ್ಗರ್ಸ್ ಅವರ ಅಡಿಯಾಂಟಮ್ ಎಂಬ ವಿಧಾನ ಲಿನಕ್ಸ್ 5.0ರಲ್ಲಿ ಸೇರಿತು. ಕಾರ್ಟೆಕ್ಸ್ ಎ-7 ಎಂಬ ಸಾಧಾರಣ ಚಿಪ್ಪಿನ ಮೇಲೆ ಇದು ಎ.ಇ.ಎಸ್.ಗಿಂತ ಸುಮಾರು 5 ಪಟ್ಟು ವೇಗ. ಅಡಿಯಾಂಟಮ್ ಎಂದರೆ ಒಂದು ಜಾತಿಯ ಜರೀಗಿಡ. ಸಸ್ಯಶಾಸ್ತ್ರದ ವಿದ್ಯಾರ್ಥಿಗಳಿಗೆ ಹೆಸರು ಪರಿಚಿತವಿರಬೇಕು.

ಇದುವರೆಗೆ ಕೀಲಿ ಬರುವ ಕಥೆಯಾಯಿತು. ಹೋಗುವ ಕಥೆ ಇದಕ್ಕಿಂತ ಕಠಿಣ. ಯಂತ್ರಕ್ಕೆ ನೆನಪಿಡಿಸುವುದು ಸುಲಭ, ಮರೆಸುವುದು ಕಷ್ಟ. ಟೆಲಿವಿಷನ್ ಕೆಲಸದವರಿಗೆ ಇದು ಚೆನ್ನಾಗಿ ಗೊತ್ತು. ಕಾಂತೀಯ ಟೇಪನ್ನು ಅಳಿಸಿ ಹೊಸದನ್ನು ಮುದ್ರಿಸಿದ ಮೇಲೂ ಹಳೆಯ ಹಾಡು ಹಿಂದಿನಿಂದ ಸಣ್ಣಗೆ ಕೇಳಿಸುವುದುಂಟು. ಕೀಲಿಯನ್ನು ತೆಗೆದುಬಿಡು ಎಂದು ಕರ್ನೆಲ್ಲಿಗೆ ಹೇಳಿದರೆ ಅದು ಮುಖ್ಯ ಕೀಲಿ ಇದ್ದ ಜಾಗವನ್ನು ಸೊನ್ನೆಗಳಿಂದ ತುಂಬುತ್ತದೆ. ಅಷ್ಟಕ್ಕೆ ಮುಗಿಯಲಿಲ್ಲ. ಆ ಕೀಲಿಯಿಂದ ತೆರೆದ ಕಡತಗಳ ತಿಳಿಯಾದ ಪ್ರತಿಗಳು ನೆನಪಿನ ಕೋಶದಲ್ಲಿ ಇನ್ನೂ ಇವೆ, ಮರಿ ಕೀಲಿಗಳೂ ಇವೆ. ಒಂದೊಂದನ್ನೂ ಹುಡುಕಿ, ಬರೆಯುವುದು ಬಾಕಿ ಇದ್ದರೆ ಸಂಗ್ರಹಕ್ಕೆ ಬರೆದು, ಹೊರಹಾಕಬೇಕು. ಯಾವುದಾದರೂ ತಂತ್ರಾಂಶ ಕಡತವೊಂದನ್ನು ತೆರೆದುಕೊಂಡೇ ಕೂತಿದ್ದರೆ ಕರ್ನೆಲ್ ಅದನ್ನು ಕಿತ್ತುಕೊಳ್ಳುವುದಿಲ್ಲ. ‘ಕೀಲಿ ಅಳಿಸಿದ್ದೇನೆ, ಆದರೆ ಕೆಲವು ಕಡತಗಳು ಇನ್ನೂ ಬಳಕೆಯಲ್ಲಿವೆ’ ಎಂದು ವರದಿ ಕೊಡುತ್ತದೆ. ಅವನ್ನು ಮುಚ್ಚಿಸಿ ಮತ್ತೆ ಕೇಳಬೇಕು. ಒಂದೇ ಕೀಲಿಯನ್ನು ಇಬ್ಬರು ಬಳಕೆದಾರರು ಕೊಟ್ಟಿದ್ದರೆ, ಒಬ್ಬರು ಹಿಂತೆಗೆದ ಮಾತ್ರಕ್ಕೆ ಅಳಿಸದೆ ಇನ್ನೊಬ್ಬರ ಮಾತಿಗೂ ಕಾಯುತ್ತದೆ.

ವಿದ್ಯುತ್ತು ಹೋದರೆ ನೆನಪಿನ ಕೋಶ ಖಾಲಿಯಾಗುತ್ತದೆ ಎಂದು ಪಠ್ಯಪುಸ್ತಕದಲ್ಲಿ ಓದಿದ್ದೀರಿ. ತಕ್ಷಣ ಆಗುವುದಿಲ್ಲ! 2008ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು ಮತ್ತು ಅವರ ಸಂಗಡಿಗರು ಇದನ್ನು ತೋರಿಸಿದರು. ಧೂಳು ಊದುವ ಗಾಳಿ ಡಬ್ಬಿಯನ್ನು ತಲೆಕೆಳಗಾಗಿ ಹಿಡಿದು ನೆನಪಿನ ಚಿಪ್ಪಿನ ಮೇಲೆ ಸಿಂಪಡಿಸಿದರೆ ಅದು ಸೊನ್ನೆಗಿಂತ ಸುಮಾರು 50 ಡಿಗ್ರಿ ಕೆಳಗೆ ತಣ್ಣಗಾಗುತ್ತದೆ. ಹಾಗೆ ತಣ್ಣಗಾದ ಚಿಪ್ಪನ್ನು ಕಿತ್ತು 10 ನಿಮಿಷ ಬಿಟ್ಟರೂ ಶೇಕಡಾ 1ಕ್ಕಿಂತ ಕಡಿಮೆ ಬಿಟ್‌ಗಳು ಕೆಟ್ಟಿದ್ದವು. ಕೀಲಿ ಹಾಗೆಯೇ ಸಿಕ್ಕಿತು. ರಾಸಾಯನಿಕ ಕ್ರಿಯೆಗಳಂತೆ ವಿದ್ಯುದಾವೇಶದ ಸೋರಿಕೆಯೂ ಚಳಿಗೆ ನಿಧಾನವಾಗುತ್ತದೆ ಎಂಬುದೇ ಕಾರಣ. ಇದಕ್ಕೆ ಒಂದು ಉತ್ತರವೆಂದರೆ ಕೀಲಿಯನ್ನು ನೆನಪಿನ ಕೋಶಕ್ಕೆ ತರದೆ ಗೂಢಲಿಪಿಯ ಕೆಲಸವನ್ನು ಯಂತ್ರಾಂಶದ ಒಳಗೇ ಮುಗಿಸುವುದು. ಆಂಡ್ರಾಯ್ಡ್ 11ರಿಂದ ಅದಕ್ಕೆ ಅವಕಾಶವಿದೆ, ಚಿಪ್ಪಿನಲ್ಲಿ ಆ ಸೌಕರ್ಯ ಇರಬೇಕು ಅಷ್ಟೆ.

ನಿಮಗೆ ಇದರಿಂದ ತಿಳಿಯಬೇಕಾದದ್ದು ಒಂದಿದೆ. ಬೆಳಗ್ಗೆ ಒಮ್ಮೆ ಪಿನ್ ಒತ್ತಿದ ಮೇಲೆ, ಸಂಜೆಯವರೆಗೆ ನೂರು ಸಲ ಪರದೆಗೆ ಬೀಗ ಬಿದ್ದರೂ ನಡುಮನೆಯ ಕೀಲಿ ಸಾಮಾನ್ಯವಾಗಿ ಕರ್ನೆಲ್ಲಿನ ಬಳಿಯೇ ಇರುತ್ತದೆ. ಇಲ್ಲದಿದ್ದರೆ ಜೇಬಿನಲ್ಲಿರುವಾಗ ಸಂದೇಶ ಬರುವುದು ಹೇಗೆ, ಹಾಡು ನಡೆಯುವುದು ಹೇಗೆ? ಮೈಸೂರಿಗೆ ಹೋಗುವ ಬಸ್ಸಿನಲ್ಲಿ ಅಂಥ ಫೋನು ಕಳೆದರೆ ಕಳ್ಳನಿಗೂ ನಿಮ್ಮ ಚಿತ್ರಗಳಿಗೂ ನಡುವೆ ಇರುವುದು ಪರದೆಯ ಬೀಗ ಮಾತ್ರ. ಆರಿಸಿದ ಫೋನು ಕಳೆದರೆ ಕೀಲಿಯೇ ಒಳಗಿಲ್ಲ. ಈ ವ್ಯತ್ಯಾಸವನ್ನು ಅರಿತೇ 2024ರಲ್ಲಿ ಐಫೋನು ಮತ್ತು 2025ರಲ್ಲಿ ಆಂಡ್ರಾಯ್ಡ್, ಮೂರು ದಿನ ಯಾರೂ ತೆರೆಯದ ಫೋನು ತಾನೇ ಆರಿ ಹೊತ್ತಿಕೊಳ್ಳುವ ಏರ್ಪಾಡನ್ನು ತಂದವು. ರಿಪೇರಿಗೆ ಕೊಡುವ ಮೊದಲು ಫೋನನ್ನು ಪೂರ್ತಿ ಆರಿಸಿ ಕೊಡಿ. ಪರದೆಯ ಗಾಜು ಹಾಕುವುದಕ್ಕೆ ನಿಮ್ಮ ಪಿನ್ ಬೇಕಾಗಿಲ್ಲ.

ಹಳೆಯ ಫೋನು ಮಾರುವಾಗ ಮಾಡುವ ರೀಸೆಟ್ ಕೂಡ ಇದೇ ಕಥೆ. ಅಷ್ಟೂ ಚಿತ್ರಗಳ ಮೇಲೆ ಸೊನ್ನೆ ಬರೆಯುತ್ತ ಕೂರುವುದಿಲ್ಲ. ಪೊಟ್ಟಣದಲ್ಲಿದ್ದ ಕೀಲಿಯನ್ನು ನಾಶಮಾಡುತ್ತದೆ, ಉಳಿದದ್ದೆಲ್ಲ ಆ ಕ್ಷಣದಿಂದ ಬರೀ ಹೊಟ್ಟು.

ಈ ಕೊನೆಯ ವಾಕ್ಯದ ಇನ್ನೊಂದು ಮುಖವನ್ನು ತೋರಿಸಿದ್ದು ಪಿರಿಯಾಪಟ್ಟಣದ ಕಡೆಯ ಹಳ್ಳಿಯೊಂದರಿಂದ ಬಂದ ಪತ್ರ. ಬರೆದವರು ಪದವಿ ವಿದ್ಯಾರ್ಥಿ. ಅವರ ಅಣ್ಣ ರಸ್ತೆ ಅಪಘಾತದಲ್ಲಿ ತೀರಿಕೊಂಡು ಕೆಲವು ತಿಂಗಳಾಗಿದೆ. ಫೋನು ಮನೆಯಲ್ಲಿದೆ, ಪಿನ್ ಯಾರಿಗೂ ಗೊತ್ತಿಲ್ಲ. ಅಣ್ಣ ಮುದ್ರಿಸಿಟ್ಟಿದ್ದ ಮಾತುಗಳು ಅದರೊಳಗಿವೆ. ತಾಯಿಗೆ ಆ ದನಿ ಕೇಳಬೇಕು. ಅಂಗಡಿಯವರು “ಸಾಫ್ಟ್‌ವೇರ್ ಹಾಕಿ ಲಾಕ್ ತೆಗೆದುಕೊಡುತ್ತೇವೆ” ಎನ್ನುತ್ತಿದ್ದಾರೆ, ಕೊಡಬಹುದೇ ಎಂದು ಕೇಳಿದ್ದಾರೆ.

ಈ ಪತ್ರಕ್ಕೆ ಪರದೆಯ ಮೇಲೆ ಉತ್ತರಿಸುವುದು ಸರಿಯೆನ್ನಿಸಲಿಲ್ಲ, ಅಂಚೆಯಲ್ಲಿ ಬರೆದೆ. ಅನೇಕ ಮನೆಗಳಿಗೆ ಬೇಕಾಗಬಹುದೆಂದು ಅವರ ಒಪ್ಪಿಗೆ ಪಡೆದು ಇಲ್ಲಿ ಕೊಡುತ್ತಿದ್ದೇನೆ. ಕರ್ನೆಲ್ಲಿಗೆ ಕಳ್ಳ ಯಾರು, ತಾಯಿ ಯಾರು ಎಂಬ ಭೇದ ತಿಳಿಯದು. ಕೀಲಿ ಇದೆಯೋ ಇಲ್ಲವೋ, ಅದಕ್ಕೆ ಗೊತ್ತಿರುವುದು ಅಷ್ಟೇ. ಕಳ್ಳನನ್ನು ತಡೆಯುವ ಗೋಡೆಯೇ ಇವರನ್ನೂ ತಡೆಯುತ್ತಿದೆ. ಗುಟ್ಟಾಗಿ ಒಂದು ಹಿಂಬಾಗಿಲು ಇಡಬಹುದಿತ್ತಲ್ಲ ಎಂದರೆ, ಆ ಹಿಂಬಾಗಿಲಿನ ಬೀಗದ ಕೈ ಯಾರ ಬಳಿ ಇರಬೇಕು ಎಂಬ ಪ್ರಶ್ನೆ ಏಳುತ್ತದೆ. ಹಾಗೆ ಇಡದಿರುವುದೇ ಸರಿ ಎಂಬುದು ನನ್ನ ಅಭಿಪ್ರಾಯ. ಆ ತಾಯಿಯ ಎದುರು ಕೂತು ಹಾಗೆ ಹೇಳುವುದು ಸುಲಭವಲ್ಲ ಎಂಬುದೂ ಗೊತ್ತು.

ಅಂಗಡಿಗೆ ಕೊಡಬೇಡಿ ಎಂದು ಬರೆದೆ. ಅಲ್ಲಿ ‘ಲಾಕ್ ತೆಗೆಯುವುದು’ ಎಂದರೆ ಬಹಳ ಸಲ ರೀಸೆಟ್ ಮಾಡುವುದು. ಫೋನು ತೆರೆಯುತ್ತದೆ, ಕೀಲಿ ಹೋಗಿರುತ್ತದೆ, ದನಿ ಎಂದೆಂದಿಗೂ ಸಿಗದು. ಅಣ್ಣನ ಹುಟ್ಟಿದ ದಿನ, ಹಳೆಯ ಬೈಕಿನ ಸಂಖ್ಯೆ ಎಂದು ಮನೆಯವರೆಲ್ಲ ಸರದಿಯಲ್ಲಿ ಒತ್ತುತ್ತ ಕೂರಬೇಡಿ. ಕೆಲವು ಫೋನುಗಳು ತಪ್ಪುಗಳ ಎಣಿಕೆ ಮೀರಿದರೆ ತಾವೇ ಅಳಿಸಿಕೊಳ್ಳುವಂತೆ ಇಡಲ್ಪಟ್ಟಿರುತ್ತವೆ. ಮೊದಲು ಫೋನಿನ ಪಕ್ಕದಲ್ಲಿ ಮೆಮೊರಿ ಕಾರ್ಡ್ ಇದೆಯೇ ನೋಡಿ. ತೆಗೆದು ಹಾಕುವ ಕಾರ್ಡಿಗೆ ಸಾಮಾನ್ಯವಾಗಿ ಈ ಗೂಢಲಿಪಿ ಇರುವುದಿಲ್ಲ. ಮುದ್ರಿಕೆಗಳು ಅದರಲ್ಲಿದ್ದರೆ ಬೇರೆ ಯಂತ್ರದಲ್ಲಿ ಹಾಕಿ ಕೇಳಬಹುದು. ಇಲ್ಲವಾದರೆ ಅವರ ಗೂಗಲ್ ಖಾತೆಗೆ ಪ್ರತಿಗಳು ಹೋಗಿರಬಹುದು. ಅವು ಫೋನಿನ ಕರ್ನೆಲ್ಲಿನ ಬೀಗದೊಳಗೆ ಇಲ್ಲ. ತೀರಿಕೊಂಡವರ ಖಾತೆಯ ಬಗ್ಗೆ ಮನೆಯವರು ಕೋರಿಕೆ ಸಲ್ಲಿಸಲು ಆ ಕಂಪನಿಯಲ್ಲಿ ಕ್ರಮವಿದೆ. ಮರಣ ಪ್ರಮಾಣಪತ್ರ ಸಿದ್ಧವಿಟ್ಟುಕೊಳ್ಳಿ. ತಾನು ಇಷ್ಟು ತಿಂಗಳು ಖಾತೆ ಬಳಸದಿದ್ದರೆ ಇಂಥವರಿಗೆ ಕೊಡಿ ಎಂದು ಬದುಕಿರುವಾಗಲೇ ಹೆಸರು ಸೂಚಿಸುವ ಅನುಕೂಲವೂ ಅಲ್ಲಿ 2013ರಿಂದ ಇದೆ. ಅಣ್ಣ ಹಾಗೆ ಸೂಚಿಸಿದ್ದರೆ ಅಂಥ ಪತ್ರ ನಿಮ್ಮಲ್ಲಿ ಯಾರಿಗಾದರೂ ಮಿಂಚಂಚೆಯಲ್ಲಿ ಬರಬಹುದು.

ಈ ತಿಂಗಳ ಮೊದಲ ವಾರ ಅವರಿಂದ ಒಂದು ಕಾರ್ಡು ಬಂತು. ಫೋನಿನಲ್ಲಿ ಮೆಮೊರಿ ಕಾರ್ಡ್ ಇತ್ತಂತೆ. ಅದರಲ್ಲಿ ದನಿ ಸಿಗಲಿಲ್ಲ, ಊರಿನ ಜಾತ್ರೆಯ ನಲವತ್ತು ಚಿತ್ರಗಳು ಸಿಕ್ಕವು. ಕಂಪನಿಗೆ ಕೋರಿಕೆ ಕಳಿಸಿ ಕಾಯುತ್ತಿದ್ದಾರೆ. ಫೋನನ್ನು ಆರಿಸಿ, ಬೀರುವಿನಲ್ಲಿ ಇಟ್ಟಿದ್ದಾರೆ.